ತೋಟದ ಕತ್ತಿಯನ್ನು ಪರೀಕ್ಷಿಸಿ ಕೊಳ್ಳುವ ಬಗೆ

(ರೈತರ ಸಭೆಯಲ್ಲಿ ಓದಿದ ಉಪನ್ಯಾಸ)



ಎತ್ತನ್ನು ಕೊಳ್ಳುವ ರೈತನು ಅದರ ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಬಿತ್ತನೆಯ ಕಾಳನ್ನು ಅಂಗೈಯಲ್ಲಿ ಹರಡಿ ಪರೀಕ್ಷಿಸದೆ ಯಾರೂ ಕೊಳ್ಳುವುದಿಲ್ಲ. ಆದರೆ ವರ್ಷದ ಬಹುಭಾಗ ಕೈಯಲ್ಲಿಯೇ ಇರತಕ್ಕ ಕತ್ತಿಯನ್ನು ಕೊಳ್ಳುವಾಗ ಅದೇ ರೈತನು ಹೊಳಪನ್ನೂ ಕ್ರಯವನ್ನೂ ಮಾತ್ರ ನೋಡಿ, ಹೆಬ್ಬೆರಳಿನಿಂದ ಬಾಯನ್ನು ಒಮ್ಮೆ ಸವರಿ, ಹಣವನ್ನು ಎಣಿಸಿಬಿಡುತ್ತಾನೆ. ತರುವಾಯ ಮೆಳೆಯಲ್ಲಿ ಬಿದಿರನ್ನು ಕಡಿಯುವಾಗ ಅಲಗು ಹಿಡಿಯಿಂದ ಕಳಚಿ ಹಾರುತ್ತದೆ; ಇಲ್ಲವೆ ಬಾಯಿ ಮುಕ್ಕಾಗಿ, ಮೊಂಡು ಕತ್ತಿಯಿಂದ ಬಲವಾಗಿ ಬೀಸಿದ ಪೆಟ್ಟು ಕೊಂಬೆಯ ಮೇಲಿಂದ ಜಾರಿ ಮೊಣಕಾಲಿಗೆ ಬೀಳುತ್ತದೆ. ಕತ್ತಿಯನ್ನು ಕೊಂಡವನು ಯಜಮಾನ. ಪೆಟ್ಟನ್ನು ತಿನ್ನುವವನು ಬಹುಮಟ್ಟಿಗೆ ಆಳು. ಈ ಕಾರಣದಿಂದಲೇ ಇದು ಹಿಡುವಳಿದಾರರೂ ಗ್ರಾಮದ ಮುಖಂಡರೂ ಯೋಚಿಸತಕ್ಕ ವಿಷಯವಾಗಿದೆ.

ಇಲ್ಲಿ ಹೇಳುವುದು ಮಡಚುವ ಚಾಕುವಿನ ಮಾತಲ್ಲ. ಅದು ಎಲೆಯಡಿಕೆಯ ಚೀಲಕ್ಕೆ ತಕ್ಕದ್ದು. ಅದರ ಕೀಲಿನ ಮೇಲೆ ಭಾರವನ್ನು ಹೇರಿದರೆ ಅಲಗು ಬೆರಳುಗಳ ಮೇಲೆಯೇ ಮುಚ್ಚಿಕೊಳ್ಳಬಹುದು. ಹೊರಗಣ ಕೆಲಸಕ್ಕೆ ಅಲಗೂ ಹಿಡಿಯೂ ಒಂದಾಗಿ ನಿಂತ ಆಯುಧವೇ ಬೇಕು. ಬಯಲು ಸೀಮೆಯ ಮಚ್ಚು, ಮಲೆನಾಡಿನ ತೋಟದ ಕತ್ತಿ, ಕೊಡಗಿನವರು ಬೆನ್ನ ಹಿಂದೆ ತೋಡಂಗಿಗೆ ಸಿಕ್ಕಿಸಿಕೊಳ್ಳುವ ಅಗಲವಾದ ಒಡಿಕತ್ತಿ, ಇವೆಲ್ಲವೂ ಇದೇ ವರ್ಗಕ್ಕೆ ಸೇರಿದವು. ಆಕಾರವು ಬೇರೆಯಾದರೂ ಪರೀಕ್ಷೆಯು ಒಂದೇ.

ಕತ್ತಿಯ ಜೀವವು ಉಕ್ಕಿನಲ್ಲಿದೆ. ಈ ನಾಡಿಗೆ ಉಕ್ಕು ಹೊಸದಲ್ಲ. 1800 ಮತ್ತು 1801ನೆಯ ಇಸವಿಗಳಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು, ಇಲ್ಲಿನವರು ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಆ ಗ್ರಂಥವು 1807ರಲ್ಲಿ ಅಚ್ಚಾಯಿತು. ಚನ್ನಪಟ್ಟಣದ ಉಕ್ಕಿನ ತಂತಿಯು ವಾದ್ಯಗಳಿಗೆ ಹೆಸರಾಗಿದ್ದುದೂ ಆ ಕಾಲದಲ್ಲಿಯೇ. ಆಗಿನ ಕಮ್ಮಾರನಿಗೆ ತನ್ನ ಉಕ್ಕು ಯಾವ ಕುಲುಮೆಯಿಂದ ಬಂದಿತೆಂಬುದು ತಿಳಿದಿರುತ್ತಿತ್ತು. ಸೀಮೆಯ ಕಬ್ಬಿಣವು ಹಡಗುಗಳಲ್ಲಿ ಅಗ್ಗವಾಗಿ ಬರತೊಡಗಿದ ಮೇಲೆ ಹಳ್ಳಿಯ ಮೂಸೆಗಳು ಆರಿಹೋದುವು. 1923ರಲ್ಲಿ ಭದ್ರಾವತಿಯಲ್ಲಿ ದೊಡ್ಡ ಕುಲುಮೆ ಹೊತ್ತಿಕೊಂಡರೂ ಊರ ಕಮ್ಮಾರನ ಕೈಗೆ ಬಂದುದು ಹೆಚ್ಚಾಗಿ ಗುಜರಿಯ ಕಬ್ಬಿಣವೇ. ಕುಲವಿಲ್ಲದ ಲೋಹದಿಂದ ಕತ್ತಿಯನ್ನು ಮಾಡಬೇಕಾದುದರಿಂದ, ಹಿಂದೆ ಕಮ್ಮಾರನ ಮಾತಿನ ಮೇಲೆ ಬಿಡುತ್ತಿದ್ದ ಪರೀಕ್ಷೆಯನ್ನು ಈಗ ಕೊಳ್ಳುವವನು ತಾನೇ ಮಾಡಬೇಕಾಗಿದೆ.

ಕಬ್ಬಿಣಕ್ಕೂ ಉಕ್ಕಿಗೂ ಇರುವ ಭೇದವು ಅಲ್ಪವಾದರೂ ಮುಖ್ಯವಾದುದು. ಕಬ್ಬಿಣದಲ್ಲಿ ಇಂಗಾಲವು 100 ಪಾಲಿಗೆ ಸುಮಾರು ಮುಕ್ಕಾಲು ಪಾಲು ಸೇರಿದರೆ ಅದು ಕತ್ತಿಗೆ ತಕ್ಕ ಉಕ್ಕಾಗುತ್ತದೆ. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲವು ಸಾಮಾನ್ಯವಾಗಿ ಕಾಲು ಪಾಲನ್ನು ಮೀರುವುದಿಲ್ಲ. ಅದನ್ನು ಎಷ್ಟು ಸಾರಿ ಕಾಯಿಸಿ ನೀರಿನಲ್ಲಿ ಅದ್ದಿದರೂ ಕತ್ತಿಗೆ ಸಾಲುವಷ್ಟು ಗಟ್ಟಿಯಾಗದು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಅರ್ಧ ಪಾಲಿಗಿಂತ ಸ್ವಲ್ಪ ಹೆಚ್ಚಾಗಿಯೇ ಇರುವುದರಿಂದ ಮಚ್ಚಿಗೆ ಅದು ಬಹಳ ಒಳ್ಳೆಯ ವಸ್ತು. ಆದರೆ ವರ್ಷಗಟ್ಟಲೆ ಭಾರ ಹೊತ್ತು ದಣಿದ ಪಟ್ಟಿಯಲ್ಲಿ ಕಣ್ಣಿಗೆ ಬೀಳದ ಸೀಳುಗಳಿರುವುದುಂಟು; ಮುರಿದ ಕಡೆಗೆ ಸಮೀಪದ ತುಂಡನ್ನು ತೆಗೆದುಕೊಳ್ಳಕೂಡದು. ಹಳೆಯ ಅರದ ಉಕ್ಕು ಅತಿ ಗಟ್ಟಿ. ಸಣ್ಣ ಚೂರಿಗೆ ಆದೀತು, ಕಡಿಯುವ ಕತ್ತಿಗಾದರೆ ಚಳಿಗಾಲದ ಮುಂಜಾನೆ ಒಂದು ಪೆಟ್ಟಿಗೆ ತುಂಡಾದೀತು. ಕಬ್ಬಿಣದ ಒಡಲಿಗೆ ಬಾಯಿಯಲ್ಲಿ ಮಾತ್ರ ಉಕ್ಕನ್ನು ಬೆಸೆಯುವ ಹಳೆಯ ಪದ್ಧತಿಯೂ ಉತ್ತಮವಾದುದೇ. ಹಾಗೆ ಬೆಸೆಯಬಲ್ಲ ಕಮ್ಮಾರನು ಊರಿನಲ್ಲಿದ್ದರೆ ಆ ಊರು ಪುಣ್ಯ ಮಾಡಿದೆ.

ಇದನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ. ಲೋಹದ ತುಂಡನ್ನು ತಿರುಗುವ ಸಾಣೆಗೆ ತಾಗಿಸಿದರೆ ಮೆತು ಕಬ್ಬಿಣದ ಕಿಡಿಗಳು ಉದ್ದವಾದ ಗೆರೆಗಳಾಗಿ ಹಾರಿ ಸುಮ್ಮನೆ ಆರುತ್ತವೆ. ಉಕ್ಕಿನ ಕಿಡಿಗಳು ತುದಿಯಲ್ಲಿ ಸುರುಸುರುಬತ್ತಿಯಂತೆ ಒಡೆದು ಚಿಮ್ಮುತ್ತವೆ. ಒಮ್ಮೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದವನು ಮರೆಯಲಾರನು.

ಉಕ್ಕು ಒಳ್ಳೆಯದಾಗಿದ್ದರೂ ಹದವು ಕೆಟ್ಟರೆ ಎಲ್ಲವೂ ಕೆಟ್ಟಿತು. ಕಮ್ಮಾರನು ಅಲಗನ್ನು ಕೆಂಪಗೆ ಕಾಯಿಸುತ್ತಾನೆ; ಅಯಸ್ಕಾಂತವು ಅದಕ್ಕೆ ಅಂಟದಂತಾಗುವಷ್ಟು ಕಾದು, ಮತ್ತೂ ಸ್ವಲ್ಪ ಕಾದಾಗ ಎಣ್ಣೆಯಲ್ಲಿ ಅದ್ದುತ್ತಾನೆ. ಕುಲುಮೆಯ ಮನೆಯನ್ನು ಕತ್ತಲೆಯಾಗಿಟ್ಟಿರುವುದು ದಾರಿದ್ರ್ಯದಿಂದಲ್ಲ. ಕಾದ ಲೋಹದ ಬಣ್ಣವು ಬಿಸಿಲಿನಲ್ಲಿ ತಿಳಿಯಲಾರದೆಂಬುದರಿಂದ. ಅದ್ದಿದ ಅಲಗು ಗಾಜಿನಂತೆ ಗಟ್ಟಿಯೂ ಪೆಡಸೂ ಆಗಿರುತ್ತದೆ. ಹಾಗೆಯೇ ಕೊಟ್ಟರೆ ಒಡೆಯುವುದು. ಆದುದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. ಆಗ ಅದರ ಮೇಲೆ ಮೊದಲು ಒಣಹುಲ್ಲಿನ ಬಣ್ಣವೂ, ಅನಂತರ ಕಂದು, ನೇರಳೆ, ಕಡೆಗೆ ನೀಲಿಯೂ ಹರಿಯುತ್ತವೆ. ಸಣ್ಣ ಚೂರಿಗೆ ಒಣಹುಲ್ಲಿನ ಬಣ್ಣವೂ, ಬೀಸಿ ಕಡಿಯುವ ಮಚ್ಚಿಗೆ ನೇರಳೆಯಿಂದ ನೀಲಿಗೆ ತಿರುಗುವ ಬಣ್ಣವೂ ಸರಿಯಾದ ಹದ. ಈ ಎರಡನೆಯ ಕಾಯಿಸುವಿಕೆಯನ್ನು ಅವಸರದಲ್ಲಿ ಬಿಟ್ಟುಬಿಡುವುದೇ ಬಾಯಿ ಮುಕ್ಕಾಗುವುದಕ್ಕೆ ದೊಡ್ಡ ಕಾರಣ. ಅವಸರವು ಕಮ್ಮಾರನದೇ ಎಂದು ಹೇಳಲಾಗದು. ಬಾಗಿಲಲ್ಲಿ ನಿಂತು “ಇಂದೇ ಬೇಕು” ಎನ್ನುವ ಗಿರಾಕಿಯದೂ ಅದರಲ್ಲಿ ಪಾಲುಂಟು.

ಹದವನ್ನು ನೋಡಲು ಸಣ್ಣ ಅರವೂ, ಕಾಲು ಅಂಗುಲ ದಪ್ಪದ ಹಿತ್ತಾಳೆಯ ಸರಳೂ ಸಾಕು. ಬಾಯಿಯ ಮೇಲೆ ಅರವನ್ನು ಎಳೆದರೆ ಅದು ಕಷ್ಟದಿಂದ ಕಚ್ಚಬೇಕು. ಬೆಣ್ಣೆಯಂತೆ ತಿಂದರೆ ಅಲಗು ಮೆತು. ಸ್ವಲ್ಪವೂ ತಿನ್ನದೆ ಜಾರಿದರೆ ಅತಿ ಗಟ್ಟಿ. ಅನಂತರ ಬಾಯನ್ನು ಹಿತ್ತಾಳೆಯ ಸರಳಿನ ಮೇಲೆ ಓರೆಯಾಗಿ ಒತ್ತಿ, ಬೆಳಕಿಗೆ ಹಿಡಿದು ನೋಡಬೇಕು. ಅಂಚು ಕೂದಲೆಳೆಯಷ್ಟು ಬಾಗಿ, ಒತ್ತುವುದನ್ನು ಬಿಟ್ಟೊಡನೆ ಹಿಂದಿರುಗಿದರೆ ಕತ್ತಿ ಒಳ್ಳೆಯದು. ಬಾಗಿಯೇ ನಿಂತರೆ ಮೆತು. ಚಿಪ್ಪೆದ್ದರೆ ಅದನ್ನು ಅಲ್ಲಿಯೇ ಇಟ್ಟು ಮನೆಗೆ ಹೋಗಬಹುದು. ಇಂತಹ ಪರೀಕ್ಷೆಗೆ ಆಕ್ಷೇಪಣೆ ಮಾಡುವ ವ್ಯಾಪಾರಿಯು ತನ್ನ ಸರಕನ್ನು ಬಲ್ಲವನೆಂದೇ ತಿಳಿಯಬೇಕು.

ಹಿಡಿಯ ವಿಷಯದಲ್ಲಿ ಜನರು ತೋರುವ ಉದಾಸೀನವು ಆಶ್ಚರ್ಯಕರವಾದುದು. ಪ್ರಾಣಕ್ಕೆ ಅಪಾಯವಿರುವುದು ಬಾಯಿಗಿಂತಲೂ ಇಲ್ಲಿಯೇ. ಅಲಗಿನ ಬಾಲವು, ಎಂದರೆ ಹಿಡಿಯೊಳಕ್ಕೆ ಹೋಗುವ ಭಾಗವು, ಹಿಡಿಯಷ್ಟೇ ಉದ್ದವಾಗಿರಬೇಕು. ಎರಡು ಕಡೆಗೂ ಮರದ ಹೋಳುಗಳನ್ನಿಟ್ಟು ಮೂರು ಗುಬ್ಬಿಮೊಳೆಗಳನ್ನು ಬಡಿದುದಾದರೆ ಕಣ್ಣಿಗೇ ಕಾಣುವುದರಿಂದ ಮೋಸಕ್ಕೆ ಎಡೆಯಿಲ್ಲ. ಮೊನೆಯಾದ ಬಾಲವನ್ನು ಮರದೊಳಗೆ ಇಳಿಸಿದುದಾದರೆ ಅದು ಹಿಡಿಯ ಹಿಂಬದಿಯಲ್ಲಿ ಹೊರಬಿದ್ದು ಮಡಿದಿರಬೇಕು, ಮುಂಬದಿಯಲ್ಲಿ ಲೋಹದ ಬಳೆಯಿರಬೇಕು. ಎರಡು ಅಂಗುಲದ ಬಾಲವನ್ನು ಅರಗಿನಿಂದ ಅಂಟಿಸಿದ ಕತ್ತಿಯು ತರಕಾರಿಗೆ ಸಾಕು. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ. ಸಂತೆಯಲ್ಲಿ ಮಾರುವ, ಹಿಡಿ ಟೊಳ್ಳಾಗಿದ್ದು ಅದರೊಳಗೆ ಸೂಜಿ, ಬೆಂಕಿಕಡ್ಡಿ ಮೊದಲಾದುವನ್ನು ತುಂಬಿದ ಕತ್ತಿಗಳನ್ನು ಮಕ್ಕಳು ಮೆಚ್ಚುತ್ತಾರೆ. ಅವುಗಳಲ್ಲಿ ಬಹುತೇಕದ ಬಾಲವು ಬೆರಳಿನ ಒಂದು ಗಿಣ್ಣಿಗಿಂತ ಹೆಚ್ಚಿರದು.

ಪರೀಕ್ಷೆಗೆ, ಕತ್ತಿಯ ಬೆನ್ನನ್ನು ಮರದ ಕೊರಡಿನ ಮೇಲೆ ಹತ್ತು ಸಾರಿ ಬಲವಾಗಿ ಬಡಿದು, ಹಿಡಿಯನ್ನು ಕಿವಿಯ ಬಳಿ ಅಲ್ಲಾಡಿಸಬೇಕು. ಸದ್ದು ಬಂದರೆ ಕೊಳ್ಳಕೂಡದು. ಹಿಡಿಗೆ ಜಾಲಿಯ ಒಣಗಿದ ಚೇಗು ಬಹು ಯೋಗ್ಯ, ಬೀಟೆಯೂ ಒಳ್ಳೆಯದು. ಹಸಿ ಮರದ ಹಿಡಿ ಬೇಸಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ. ಮೆರುಗೆಣ್ಣೆ ಬಳಿದ ನುಣುಪಾದ ಹಿಡಿಯು ಮಳೆಯಲ್ಲಿಯೂ ಬೆವರಿನಲ್ಲಿಯೂ ಜಾರುವುದರಿಂದ ಅದನ್ನು ಕೆರೆದು ಅಗಸೆ ಎಣ್ಣೆಯನ್ನು ಕುಡಿಸುವುದು ಲೇಸು.

ಅಳತೆಯು ಕೆಲಸವನ್ನು ಅವಲಂಬಿಸಿದೆ. ಬೇಲಿ, ಬಿದಿರು, ಸೌದೆಗಳಿಗೆ 10ರಿಂದ 12 ಅಂಗುಲದ ಅಲಗೂ, ಮುಂಬದಿಯಲ್ಲಿ ಭಾರವೂ ಇರಬೇಕು. ಹಗ್ಗ ಕೊಯ್ಯುವುದು, ಕಡ್ಡಿ ಚಿವುಟುವುದು ಮುಂತಾದುದಕ್ಕೆ 4 ಅಥವಾ 5 ಅಂಗುಲ ಸಾಕು. ಒಂದೇ ಕತ್ತಿಯಿಂದ ಎರಡನ್ನೂ ಸಾಧಿಸುವೆನೆಂಬವನು ಎರಡನ್ನೂ ಕೆಡಿಸುತ್ತಾನೆ.

ತುಕ್ಕು ಹಿಡಿಯದ ಉಕ್ಕಿನ ವಿಷಯವಾಗಿ ಒಂದು ಮಾತು. ಕ್ರೋಮಿಯಂ ಲೋಹವನ್ನು 100ಕ್ಕೆ 12 ಪಾಲಿನಷ್ಟು ಬೆರೆಸಿದ ಈ ಉಕ್ಕು ಮಳೆಗೆ ಹೆದರುವುದಿಲ್ಲ. ಉತ್ತಮ ಜಾತಿಯದು ನಿಜವಾಗಿಯೂ ಉತ್ತಮವೇ. ಆದರೆ ಅಗ್ಗದ್ದು ತಟ್ಟೆಲೋಟಗಳ ಲೋಹಕ್ಕೆ ಹತ್ತಿರವಾದುದು. ಬಾಯಿ ಬೇಗ ಹೊರಳುತ್ತದೆ. ಸಾಮಾನ್ಯ ಉಕ್ಕಿನ ಕತ್ತಿಯನ್ನು ದಿನವೂ ಒರಸಿ ಎಣ್ಣೆ ಸವರುವಷ್ಟು ತಾಳ್ಮೆಯಿದ್ದವನಿಗೆ ಊರ ಕಮ್ಮಾರನ ಕತ್ತಿಯೇ ಲಾಭಕರ, ಏಕೆಂದರೆ ಅದನ್ನು ತಿದ್ದುವವನೂ ಊರಿನಲ್ಲಿಯೇ ಇದ್ದಾನೆ.

ಮಸೆಯುವುದು ನೀರು ಹಾಕಿದ ಕಲ್ಲಿನ ಮೇಲೆಯೇ ಆಗತಕ್ಕದ್ದು. ವಿದ್ಯುತ್ತಿನಿಂದ ತಿರುಗುವ ಒಣ ಸಾಣೆಗೆ ಕೊಟ್ಟರೆ ಬಾಯಿ ಕ್ಷಣದಲ್ಲಿ ಕಾದು ನೀಲಿ ತಿರುಗಬಹುದು. ಹಾಗೆ ಅತಿಯಾಗಿ ಕಾದಲ್ಲಿ ಕಮ್ಮಾರನು ಕೊಟ್ಟ ಹದವು ಅಲ್ಲಿಗೇ ಹೋಯಿತು. ಅಡಿಕೆ ತೋಟದವರು ಇನ್ನೊಂದನ್ನು ಗಮನಿಸಬೇಕು. ಕೊಳೆರೋಗಕ್ಕೆ ಮೈಲುತುತ್ತವನ್ನು ಕರಗಿಸಿದ ಪಾತ್ರೆಯಲ್ಲಿ ಕತ್ತಿಯನ್ನು ಅದ್ದಿಡುವುದಾಗಲಿ ಅದರಿಂದ ಕಲಸುವುದಾಗಲಿ ಕೂಡದು. ಆ ನೀರು ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರದ ಪೊರೆಯನ್ನು ಕಟ್ಟಿಸುತ್ತದೆ. ಔಷಧದ ಬಲವೂ ಅಷ್ಟು ಕುಗ್ಗುತ್ತದೆ.

ಬರಿಯ ಕತ್ತಿಯನ್ನು ಸೊಂಟದ ಪಂಚೆಗೆ ಸಿಕ್ಕಿಸಿ ಮರ ಹತ್ತುವ ರೂಢಿಯನ್ನು ಯಜಮಾನರು ನಿಲ್ಲಿಸಬೇಕು. ಒರೆಯಾಗಲಿ ಮರದ ಕೊಕ್ಕೆಯಾಗಲಿ ಕತ್ತಿಯೊಡನೆಯೇ ಬರತಕ್ಕದ್ದು. ಗಾಯವಾದರೆ ಶುದ್ಧವಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತವನ್ನು ನಿಲ್ಲಿಸಬೇಕು. ಗಾಯವು ಸಣ್ಣದಾದರೆ ಸ್ವಚ್ಛವಾದ ನೀರಿನಿಂದ ತೊಳೆದು ಕಟ್ಟಬೇಕು. ಬೂದಿ, ಸಗಣಿ, ಕಾಫಿಪುಡಿಗಳನ್ನು ತುಂಬಕೂಡದು. ಧನುರ್ವಾಯುವಿನ ಚುಚ್ಚುಮದ್ದಿಗಾಗಿ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಕತ್ತಿಗೆ ತುಕ್ಕು ಇರಲಿಲ್ಲವೆಂಬುದು ಸಮಾಧಾನವಲ್ಲ, ಆ ರೋಗದ ಬೀಜವು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರತಕ್ಕದ್ದು.

ಕಡೆಯದಾಗಿ, ಕತ್ತಿಯನ್ನು ಹೇಳಿ ಮಾಡಿಸುವ ಕಾಲ. ಮುಂಗಾರು ಹತ್ತಿರ ಬಂದಾಗ ಕುಲುಮೆಯ ಮುಂದೆ ನೇಗಿಲ ಗುಳಗಳೂ ಗುದ್ದಲಿಗಳೂ ರಾಶಿ ಬೀಳುತ್ತವೆ. ಆಗ ಹೇಳಿದ ಕತ್ತಿಗೆ ಒಳ್ಳೆಯ ಹದ ದೊರೆಯುವುದು ಅಪರೂಪ. ಸುಗ್ಗಿ ಮುಗಿದು ಕಮ್ಮಾರನಿಗೆ ಬಿಡುವಿರುವ ಮಾಘ, ಫಾಲ್ಗುಣ ಮಾಸಗಳಲ್ಲಿ, ಕತ್ತಿ ಹಿಡಿಯುವ ಆಳನ್ನೂ ಜೊತೆಯಲ್ಲಿಯೇ ಕರೆದೊಯ್ದು, ಅವನ ಅಂಗೈಗೆ ಹಿಡಿಯ ಅಳತೆಯನ್ನು ತೆಗೆಸಿ, ಮುಂಗಡವನ್ನು ಕೊಟ್ಟು, ಎಂಟು ದಿನ ಬಿಟ್ಟು ಬರುವೆನೆಂದು ಹೇಳಿ ಬರತಕ್ಕದ್ದು.