ಕಲೆ ನಮಗೆ ಯಾಕೆ ಬೇಕು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಯಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿಯ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ನನ್ನ ಪಾಲಿಗೆ ಬಂದ ವಿಷಯ ಕಲೆ. ಮೊನ್ನೆ ಆಮಂತ್ರಣ ಪತ್ರಿಕೆ ನೋಡಿದ ಹುಡುಗನೊಬ್ಬ ನನ್ನನ್ನು ಕೇಳಿದ: "ಮಾವಾ, ರಾತ್ರಿಗೆ ಬಯಲಾಟ ಇಟ್ಟೀರಂತ. ಆ ರೊಕ್ಕದಾಗ ಗೋದಾಮಿಗೆ ಒಂದು ಬಾಗಿಲಾದ್ರೂ ಹಾಕಿಸಬಹುದಿತ್ತು. ಆಟದಿಂದ ಏನ್ ಬರ್ತೈತಿ?"

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಷೇರು ಕಟ್ಟಿದ ಸದಸ್ಯ ಹೀಗೆ ಕೇಳಲೇಬೇಕು. ಅಲ್ಲದೆ ಒಂದು ಕಾಲಕ್ಕೆ ನಾನೂ ನಮ್ಮ ಅಪ್ಪನಿಗೆ ಇದೇ ಮಾತು ಅಂದವನು. ಅಪ್ಪ ಹಗಲೆಲ್ಲಾ ಭತ್ತದ ಗದ್ದೆಯಲ್ಲಿ ದುಡಿದು, ರಾತ್ರಿ ದೊಡ್ಡಾಟದ ತಾಲೀಮಿಗೆ ಹೋಗುತ್ತಿದ್ದ. ದುರ್ಯೋಧನನ ಪಾರ್ಟು ಅವನದು. ಮಾಸ್ತರರ ಬಾಯಿಂದ ಕೇಳಿ ಇಡೀ ಆಟವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಹಳೇ ಪೇಪರಿನ ಜೊತೆ ಆ ಬುಕ್ಕನ್ನೂ ನಾನು ತೂಕಕ್ಕೆ ಹಾಕಿಬಿಟ್ಟೆ. ಕೆಲವು ವರ್ಷಗಳಾದ ಮೇಲೆ ಊರವರು ಅದೇ ಆಟ ಆಡೋಣ ಅಂತ ಹೊರಟರು. ಮಾಸ್ತರರೂ ಇರಲಿಲ್ಲ, ಬುಕ್ಕೂ ಇರಲಿಲ್ಲ. ಆ ಆಟ ನಮ್ಮೂರಿನಿಂದ ಹೋದದ್ದು ಹೋಯಿತು. ಬೆಳೆ ಹೋದರೆ ಮುಂದಿನ ಹಂಗಾಮಿಗೆ ಬಿತ್ತಬಹುದು. ಇದಕ್ಕೆ ಯಾವ ಸಂಘ ಸಾಲ ಕೊಟ್ಟೀತು?

ಹೊಟ್ಟೆ ತುಂಬಿದವರಿಗೆ ಮಾತ್ರ ಕಲೆ ಅಂತ ಕೆಲವರು ಹೇಳುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಸಾವಿರಾರು ವರ್ಷಗಳ ಹಿಂದೆ, ನವಶಿಲಾಯುಗದಲ್ಲಿ, ಅಲ್ಲಿ ದನಗಾಹಿಗಳು ಇದ್ದರು. ಹುರುಳಿ, ಹೆಸರು, ಕಿರುಧಾನ್ಯ ಅವರ ಊಟ. ಆಗ ಕಾಲುವೆ ಇಲ್ಲ, ಕಬ್ಬಿಣ ಸಹ ಇಲ್ಲ. ಆದರೂ ಆ ಜನ ಗುಡ್ಡ ಹತ್ತಿ ಕರಿಕಲ್ಲಿನ ಮೇಲೆ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ಬಡಿದು ಬಡಿದು ಬಿದ್ದ ಕುಳಿಗಳು ಕಣ್ಣಿಗೆ ಕಾಣುತ್ತವೆ. ಅಷ್ಟು ಕಷ್ಟದ ಬದುಕಿನಲ್ಲೂ ಚಿತ್ರ ಬೇಕಾಯಿತು, ನಾದ ಬೇಕಾಯಿತು. ಅಂಥ ಗುಡ್ಡದ ಒಂದಷ್ಟು ಭಾಗವನ್ನು ನಮ್ಮ ಕಾಲದವರು ಕಲ್ಲುಗಣಿಗೆ ಒಡೆದರು. ನಾನು ಬುಕ್ಕನ್ನು ತೂಕಕ್ಕೆ ಹಾಕಿದ್ದೂ ಇದೂ ಒಂದೇ ಜಾತಿಯ ತಪ್ಪು.

ಓದು ಬಂದವರಿಗೆ ಮಾತ್ರ ಕಲೆ ಅನ್ನುವುದೂ ಸುಳ್ಳು. ನಮ್ಮ ಜಿಲ್ಲೆಯ ದರೋಜಿ ಈರಮ್ಮನವರು ಅಲೆಮಾರಿ ಸಮುದಾಯದಲ್ಲಿ ಹುಟ್ಟಿದವರು, ಅಕ್ಷರ ಕಲಿಯದವರು. ಕುಮಾರರಾಮನ ಕಥೆ ಮೊದಲಾದ ದೊಡ್ಡ ದೊಡ್ಡ ಬುರ್ರಕಥೆಗಳು ಅವರಿಗೆ ಬಾಯಿಪಾಠ. ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಅವನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದರು. 2014ರಲ್ಲಿ ಅವರು ತೀರಿಹೋದರೂ ಕಥೆಗಳು ಉಳಿದವು. ಸಮಯಕ್ಕೆ ಸರಿಯಾಗಿ ಬರೆದುಕೊಂಡದ್ದರಿಂದ ಉಳಿದವು.

ಇನ್ನು ಬಳ್ಳಾರಿ ರಾಘವರು (1880–1946). ಕೋರ್ಟಿನಲ್ಲಿ ವಕೀಲರು, ರಂಗದ ಮೇಲೆ ಮಹಾನಟರು. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ಸ್ತ್ರೀ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ಆ ಕಾಲದಲ್ಲೇ ಪಟ್ಟು ಹಿಡಿದರು. 2023ರಲ್ಲಿ ನಮ್ಮನ್ನಗಲಿದ ಬೆಳಗಲ್ಲು ವೀರಣ್ಣನವರು ರಾಮಾಯಣ ಆಡಿಸುತ್ತಿದ್ದ ತೊಗಲುಗೊಂಬೆಯಲ್ಲಿ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದು ತೋರಿಸಿದರು. ಕಲೆ ಹಳೆಯದನ್ನು ಕಾಯುತ್ತದೆ, ಹೊಸ ಮಾತನ್ನೂ ಹೇಳುತ್ತದೆ.

ಹಾಗಂತ ಹಿಂದಿನದೆಲ್ಲಾ ಹಸನು ಅಂತ ನಾನು ಹೇಳುವುದಿಲ್ಲ. ತಮಟೆ ಬಡಿದವರನ್ನು ದೂರ ನಿಲ್ಲಿಸಿ ಆಟ ಆಡಿದ್ದೂ ನಮ್ಮ ಊರುಗಳೇ. ಸಂಘದಲ್ಲಿ ಐದು ಎಕರೆಯವನಿಗೂ ಐವತ್ತು ಎಕರೆಯವನಿಗೂ ಒಂದೇ ಮತ. ಆ ನ್ಯಾಯ ಬಯಲಾಟದ ಅಟ್ಟದ ಮೇಲೂ ಬರಬೇಕು.

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆದರೆ ಕೂಡಿ ಮಾಡುವುದನ್ನು ನಮ್ಮ ಜನ ಅದಕ್ಕೂ ಮೊದಲೇ ಆಟದಲ್ಲಿ ಕಲಿತಿದ್ದರು. ಒಬ್ಬರು ಎಣ್ಣೆ ಕೊಟ್ಟರು, ಒಬ್ಬರು ಬಂಡಿ ಕಟ್ಟಿದರು, ಮದ್ದಳೆಯವನು ತಾಳ ತಪ್ಪಿದರೆ ರಾಜನ ಹೆಜ್ಜೆಯೂ ತಪ್ಪಿತು. ಒಬ್ಬನಿಂದ ಆಟ ಆಗುವುದಿಲ್ಲ.

ದೊಡ್ಡಾಟದಲ್ಲಿ ಸಾರಥಿ ಇರುತ್ತಾನೆ. ರಂಗಕ್ಕೆ ಬಂದವನು ರಾಜನೇ ಆಗಲಿ, "ನೀವು ಯಾರು, ಯಾವ ಊರು?" ಅಂತ ಕೇಳದೆ ಬಿಡುವುದಿಲ್ಲ. ನಮ್ಮ ಲೆಡ್ಜರು "ನಿನ್ನ ಬಾಕಿ ಎಷ್ಟು?" ಅಂತ ಕೇಳುತ್ತದೆ. ಅದೂ ಬೇಕು. ಆದರೆ "ನೀನು ಯಾರು?" ಅಂತ ಕೇಳುವವರೂ ಒಬ್ಬರು ಬೇಕಲ್ಲ? ನನ್ನ ಮಟ್ಟಿಗೆ ಕಲೆಯ ಕೆಲಸ ಅದೇ. ಬಾಕಿದಾರನಾಗಿ ತಲೆ ತಗ್ಗಿಸಿ ಓಡಾಡುತ್ತಿದ್ದ ನಮ್ಮಪ್ಪ ಆ ಒಂದು ರಾತ್ರಿ ತಲೆ ಎತ್ತಿ ಉತ್ತರ ಕೊಡುತ್ತಿದ್ದ. ಅದರ ಬೆಲೆ ನನಗೆ ತಿಳಿದದ್ದು ತಡವಾಗಿ.

ಈಗ ಫೋನಿನಲ್ಲಿ ಲೋಕದ ಆಟವೆಲ್ಲಾ ಕಾಣುತ್ತದೆ. ನೋಡೋಣ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ನಮ್ಮೂರಿನವರು ವೇಷ ಕಟ್ಟುವುದಿಲ್ಲ. ಅದೇ ಫೋನಿನಿಂದ ನಮ್ಮ ಅಜ್ಜಿಯರ ಸೋಬಾನೆ ಪದ, ಬೀಸುಕಲ್ಲಿನ ಪದ ಹಿಡಿದಿಡಬಹುದು.

ಸಂಘದವರಲ್ಲಿ ನನ್ನದೊಂದು ಸಣ್ಣ ಅರ್ಜಿ. ಆಫೀಸಿನಲ್ಲಿ ಒಂದು ಬೀರು ಇಡಿ. ಯಾರ ಮನೆಯ ಜಂತಿಯಲ್ಲಿ ಹಳೇ ಆಟದ ಬುಕ್ಕು, ಪದದ ಹಾಳೆ ಇದೆಯೋ ಅದರ ಜೆರಾಕ್ಸು ಅಲ್ಲಿ ಸೇರಲಿ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ, ಹೆಣ್ಣುಮಕ್ಕಳನ್ನೂ ಸೇರಿಸಿ, ತಾಲೀಮು ನಡೆಯಲಿ.

ಗೋದಾಮಿನ ಬಾಗಿಲು ಕೇಳಿದ ಹುಡುಗ ಇಲ್ಲೇ ಕೂತಿದ್ದಾನೆ. ಅಪ್ಪಾ, ಬಾಗಿಲನ್ನೂ ಹಾಕಿಸೋಣ, ನನ್ನ ವಂತಿಗೆ ಮೊದಲು ಬರೆದುಕೋ. ರಾತ್ರಿ ಆಟಕ್ಕೆ ಮಾತ್ರ ತಪ್ಪಿಸಬೇಡ.

ಸಂಘ ಚಿನ್ನದ ಹಬ್ಬವನ್ನೂ ಕಾಣಲಿ ಎಂದು ಹಾರೈಸಿ, ಮಾತು ಮುಗಿಸುತ್ತೇನೆ.