ತಗಡಿನ ತೂತಿಗೆ ತಕ್ಕ ಹತಾರ



ದೇಹೂ ರೋಡಿನಲ್ಲಿ ಲೋಕಲ್ ಗಾಡಿ ಹತ್ತಿ ಆಕುರ್ಡಿ, ಚಿಂಚವಾಡ, ಪಿಂಪರಿಗಳಲ್ಲಿ ಇಳಿದು ಕೆಲಸಕ್ಕೆ ಹೋಗುವವರಲ್ಲಿ ನಮ್ಮ ಕನ್ನಡದ ತರುಣರೂ ಇದ್ದಾರೆ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಪಿಂಪರಿ, ಭೋಸರಿಗಳ ಸುತ್ತ ಕಾರ್ಖಾನೆಗಳು ಬೆಳೆದುವು. ವಾಹನಗಳ ಬಿಡಿಭಾಗ, ವಿದ್ಯುತ್ತಿನ ಪೆಟ್ಟಿಗೆ ಮುಂತಾಗಿ ಅಲ್ಲಿ ತಗಡಿನ ಕೆಲಸವೇ ಬಹಳ. ತಗಡಿನ ಕೆಲಸವೆಂದರೆ ತೂತು ಕೊರೆಯದೆ ಮುಗಿಯದು. ನಾವು ಗಿರಣಿಯ ಗುಮಾಸ್ತರಾದರೂ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದೀತೆಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಸಾಮಾನ್ಯ ಡ್ರಿಲ್ಲು ತೆಳು ತಗಡನ್ನು ಕೆಡಿಸುವುದೇಕೆ? ಅದರ ಮೊನೆ 118 ಡಿಗ್ರಿಯ ಶಂಕು. 12 ಮಿ.ಮೀ. ಡ್ರಿಲ್ಲಿನಲ್ಲಿ ಆ ಮೊನೆಯ ಎತ್ತರವೇ ಸುಮಾರು ಮೂರೂವರೆ ಮಿ.ಮೀ. ತಗಡಾದರೋ ಒಂದೇ ಮಿ.ಮೀ. ತೂತು ಪೂರ್ಣ ಅಗಲಕ್ಕೆ ಬರುವ ಮೊದಲೇ ಮೊನೆ ಆಚೆ ಹೊರಬೀಳುತ್ತದೆ. ನಡುವಿನ ಆಸರೆ ತಪ್ಪಿದ ಡ್ರಿಲ್ಲು ಓಲಾಡಿ, ತೂತು ದುಂಡಗಾಗದೆ ಮೂರು ಮೂಲೆಯದಾಗುತ್ತದೆ. ಕೊನೆಗೆ ತಗಡು ಡ್ರಿಲ್ಲಿಗೆ ಕಚ್ಚಿಕೊಂಡು ಗಿರ್ರನೆ ತಿರುಗುತ್ತದೆ. ಕೈಯಲ್ಲಿ ಹಿಡಿದಿದ್ದರೆ ಬೆರಳಿಗೆ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ತಗಡಿನ ಅಡಿಗೆ ಮರದ ಹಲಗೆ ಇಟ್ಟು ಕ್ಲಾಂಪಿನಿಂದ ಬಿಗಿಯುವುದು ಮೊದಲ ನಿಯಮ. ತಿರುಗುವ ಡ್ರಿಲ್ಲಿನ ಬಳಿ ಕೈಗವಸು ತೊಡದಿರುವುದು ಎರಡನೆಯದು. ಕಣ್ಣಿಗೆ ಕನ್ನಡಕವಂತೂ ಬೇಕೇ ಬೇಕು.

ಹತಾರ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ತಗಡು ಎಷ್ಟು ದಪ್ಪ? ತೂತು ಎಷ್ಟು ಅಗಲ? ಎಷ್ಟು ತೂತು?

ಐದಾರು ಮಿ.ಮೀ.ವರೆಗಿನ ತೂತಿಗೆ ಸೆಂಟರ್ ಪಂಚಿನ ಗುರುತು ಹೊಡೆದು ಸಾಮಾನ್ಯ ಡ್ರಿಲ್ಲನ್ನೇ ಬಳಸಬಹುದು. ಅದಕ್ಕಿಂತ ಅಗಲವಾದ ನಾಲ್ಕಾರು ತೂತುಗಳಿಗೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ಲು ಮೇಲು. ಪ್ರತಿ ಮೆಟ್ಟಿಲೂ ತೂತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುವುದರಿಂದ ದುಂಡು ಕೆಡುವುದಿಲ್ಲ. ಆದರೆ ತಗಡು ಒಂದು ಮೆಟ್ಟಿಲಿನ ಎತ್ತರಕ್ಕಿಂತ ತೆಳುವಾಗಿರಬೇಕು. ಇನ್ನೂ ದೊಡ್ಡ ತೂತಿಗೆ ಹೋಲ್ ಸಾ ಇದೆ. ಅದನ್ನು ನಿಧಾನವಾಗಿ ತಿರುಗಿಸಬೇಕು. ಬಣ್ಣ ಹಚ್ಚಿ ಮುಗಿಸಿದ ವಿದ್ಯುತ್ ಪೆಟ್ಟಿಗೆಗೆ ಬೋಲ್ಟಿನ ಪಂಚು ಒಳ್ಳೆಯದು. ಮೊದಲು ಬೋಲ್ಟು ಹಿಡಿಯುವಷ್ಟು ತೂತು ಮಾಡಿ, ಒಂದು ಬದಿಗೆ ಪಂಚು, ಇನ್ನೊಂದು ಬದಿಗೆ ಡೈ ಇಟ್ಟು ಪಾನಾದಿಂದ ಬಿಗಿಯುತ್ತ ಹೋದರೆ, ದುಂಡನೆಯ ಬಿಲ್ಲೆ ಕತ್ತರಿಸಿ ಬೀಳುತ್ತದೆ.

ನೂರಾರು ತೂತುಗಳಾದರೆ ಪ್ರೆಸ್ಸೇ ಸರಿ. ಅಲ್ಲಿ ಪಂಚಿಗೂ ಡೈಗೂ ನಡುವೆ ಬಿಡುವ ಸಂದು ಮುಖ್ಯ. ಮೈಲ್ಡ್ ಸ್ಟೀಲಿಗೆ ಸಾಮಾನ್ಯವಾಗಿ ಪ್ರತಿ ಬದಿಗೆ ತಗಡಿನ ದಪ್ಪದ ನೂರಕ್ಕೆ 5ರಿಂದ 10ರಷ್ಟು ಬಿಡುತ್ತಾರೆ. ಸಂದು ಹೆಚ್ಚಾದರೆ ಅಂಚಿನಲ್ಲಿ ಮುಳ್ಳೇಳುತ್ತದೆ. ಕಡಿಮೆಯಾದರೆ ಹತಾರ ಬೇಗ ಸವೆಯುತ್ತದೆ. ಒಂದು ಮಿ.ಮೀ. ದಪ್ಪದ ಅಂಥ ತಗಡಿನಲ್ಲಿ 20 ಮಿ.ಮೀ. ತೂತು ಹೊಡೆಯಲು ಸುಮಾರು ಎರಡು ಟನ್ನಿನ ಬಲ ಬೇಕು. ಆ ಬಲಕ್ಕೆ ತಗಡೂ ಒಂದೇ, ಬೆರಳೂ ಒಂದೇ. ಎರಡೂ ಕೈಯಿಂದ ಒತ್ತಬೇಕಾದ ಗುಂಡಿಗಳಿದ್ದರೆ, ಅವಸರಕ್ಕಾಗಿ ಒಂದನ್ನು ಕಟ್ಟಿಹಾಕಿ ಕೆಲಸ ಮಾಡಲು ಯಾರು ಹೇಳಿದರೂ ಒಪ್ಪತಕ್ಕದ್ದಲ್ಲ.

ತೂತು ಶುದ್ಧವಾಗಿದೆಯೇ ಎಂದು ತಿಳಿಯಲು ತಗಡನ್ನು ತಿರುವಿ ಹಿಂಬದಿ ನೋಡಬೇಕು. ಅಲ್ಲಿ ಉಳಿದ ಮುಳ್ಳು ತಂತಿಯ ಹೊದಿಕೆಯನ್ನು ಕೊಯ್ದರೆ ಪೆಟ್ಟಿಗೆಯ ಮೈಗೇ ವಿದ್ಯುತ್ತು ಬರಬಹುದು. ಮುಟ್ಟಿದವನ ಜೀವಕ್ಕೆ ಸಂಚಕಾರ. ಅರದಿಂದ ಮುಳ್ಳು ತೆಗೆದು, ತಂತಿ ಹಾಯುವ ತೂತಿಗೆ ರಬ್ಬರಿನ ಬಳೆ ತೊಡಿಸಬೇಕು.

ಲೆಕ್ಕ ಬರೆಯುವ ನಮ್ಮದು ಕೊನೆಗೆ ಒಂದೇ ಮಾತು. ಹತಾರದ ಬೆಲೆ ಖಾತೆಯಲ್ಲಿ ಎದ್ದು ಕಾಣುತ್ತದೆ. ಕೆಟ್ಟ ತೂತನ್ನು ಅರದಿಂದ ತಿದ್ದುತ್ತ ಕಳೆದ ಗಂಟೆಗಳು, ಬಿಸಾಡಿದ ತಗಡು, ಗಾಯವಾಗಿ ಕಳೆದುಕೊಂಡ ದಿನಗೂಲಿ ಆ ಸಾಲಿನಲ್ಲಿ ಕಾಣುವುದಿಲ್ಲ. ಇವೆಲ್ಲವನ್ನೂ ಕೂಡಿ ನೋಡಿದರೆ ತಕ್ಕ ಹತಾರವೇ ಅಗ್ಗ.