ಮಾಡಿನ ಮರಕ್ಕೆ ಬಿಳಿಗಾರ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ನಮ್ಮ ಶಾಲೆಯ ಹಳೆ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್.)



ಸಾಫ್ಟ್‌ವೇರಿನವನು ಕಂಪ್ಯೂಟರ್ ಬಗ್ಗೆ ಏನಾದರೂ ಹೇಳುತ್ತಾನೆ ಎಂದು ಕಾದು ಕುಳಿತವರು ಕ್ಷಮಿಸಬೇಕು. ಇಂದು ನನ್ನ ವಿಷಯ ಗೆದ್ದಲು. ನಮ್ಮ ಹಳೆ ಕಟ್ಟಡದ ಹಂಚಿನ ಮಾಡನ್ನು ಇಳಿಸಿ ತಗಡು ಹೊದಿಸುವುದೋ, ಇರುವ ಮಾಡನ್ನೇ ಸರಿಪಡಿಸಿ ಉಳಿಸುವುದೋ ಎಂಬ ಚರ್ಚೆ ಸಮಿತಿಯಲ್ಲಿ ಮೂರು ಸಭೆಗಳಿಂದ ನಡೆದಿದೆ. "ಮರಕ್ಕೆಲ್ಲ ಗೆದ್ದಲು ಹಿಡಿದಿದೆ, ಇನ್ನು ಉಳಿಸಿ ಏನು ಪ್ರಯೋಜನ?" ಎಂಬುದು ಒಂದು ಪಕ್ಷದ ವಾದ. ನಾನು ಇನ್ನೊಂದು ಪಕ್ಷದವನು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಅಪ್ಪ ಮರದ ಕೆಲಸದವರು. ಉರ್ವಸ್ಟೋರಿನಿಂದ ಚಿಲಿಂಬಿ, ಬೋಳೂರು, ಅಶೋಕನಗರದವರೆಗೆ ಅವರು ಕೂರಿಸಿದ ದಾರಂದಗಳು ಇಂದಿಗೂ ಇವೆ. ಕಳೆದ ಡಿಸೆಂಬರಿನಲ್ಲಿ ನಾನು ರಜೆಗೆ ಬಂದಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅಪ್ಪನೂ ನಾನೂ ಏಣಿ ಇಟ್ಟು ಹತ್ತಿದೆವು. ಒಂದೊಂದೇ ಪಕ್ಕಾಸನ್ನು ದಬ್ಬಳದಿಂದ ಚುಚ್ಚಿ, ಉಳಿಯ ಹಿಡಿಯಿಂದ ಬಡಿದು ನೋಡಿದೆವು. ಒಟ್ಟು 64 ಪಕ್ಕಾಸು. ಕೆಟ್ಟದ್ದು 9. ಆ ಒಂಬತ್ತರಲ್ಲಿ ಆರು ಒಡೆದ ಹಂಚಿನ ನೇರ ಕೆಳಗಿದ್ದವು. ಮೂರರ ತುದಿ ಗೋಡೆಯೊಳಗೆ ಹುಗಿದಿತ್ತು. ಉಳಿದ 55ಕ್ಕೆ ದಬ್ಬಳ ಇಳಿಯಲೇ ಇಲ್ಲ. ಅಪ್ಪ ಕೆಳಗಿಳಿದು ಕೈ ಒರೆಸಿಕೊಳ್ಳುತ್ತಾ, "ಗೆದ್ದಲಿನದ್ದು ಆಮೇಲೆ ಮಾರಾಯ, ಮೊದಲಿನ ಉಪದ್ರ ನೀರಿನದ್ದು" ಎಂದರು.

ಮರ ತಿನ್ನುವವರಲ್ಲಿ ಬೇರೆ ಬೇರೆ ಜಾತಿ ಉಂಟು. ಯಾರು ತಿಂದದ್ದೆಂದು ತಿಳಿಯದೆ ಮದ್ದು ಹೊಡೆದರೆ ದುಡ್ಡು ದಂಡ. ಮಕ್ಕಳೇ, ಇದನ್ನು ನೀವು ಮನೆಗೆ ಹೋಗಿ ನೋಡಬಹುದು. ಗೋಡೆಯ ಮೇಲೆ ಮಣ್ಣಿನ ಗೆರೆ ಎದ್ದಿದ್ದರೆ ಅದು ನೆಲದ ಗೆದ್ದಲು. ಅದಕ್ಕೆ ನೆಲದ ತೇವ ಬೇಕು, ಬೆಳಕು ಆಗದು. ಹಾಗಾಗಿ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ನಮ್ಮ ಮುರಕಲ್ಲಿನ ಗೋಡೆಗಳಲ್ಲಿ ಕಲ್ಲು ಕಲ್ಲಿನ ನಡುವಿನ ಸಂದಿಯೇ ಅದಕ್ಕೆ ಸಿದ್ಧವಾದ ದಾರಿ. ಹೊರಗೆ ಒಂದು ಗೆರೆಯೂ ಕಾಣದೆ ಮಾಡಿನವರೆಗೆ ಹೋಗಿಬಿಡುತ್ತದೆ. ಮೇಜಿನ ಕೆಳಗೆ ಗಸಗಸೆಯಂಥ ಸಣ್ಣ ಗಟ್ಟಿ ಕಾಳು ಉದುರಿದ್ದರೆ ಅದು ಒಣಮರದ ಗೆದ್ದಲು. ಅದಕ್ಕೆ ನೆಲದ ಸಂಬಂಧವೇ ಬೇಡ, ಒಂದು ಕುರ್ಚಿಯ ಕಾಲಿನೊಳಗೇ ಇಡೀ ಸಂಸಾರ ಮಾಡಿಕೊಂಡಿರುತ್ತದೆ. ಮೈದಾ ಹಿಟ್ಟಿನಂಥ ನುಣ್ಣನೆಯ ಪುಡಿ, ಜತೆಗೆ ಗುಂಡುಸೂಜಿ ಚುಚ್ಚಿದಂಥ ತೂತು ಇದ್ದರೆ ಅದು ಕುಟ್ಟೆ ಹುಳು. ಬಿದಿರು, ರಬ್ಬರ್ ಮರ, ಮಾವಿನ ಹಲಗೆ, ಅಗ್ಗದ ಪ್ಲೈವುಡ್ ಅದಕ್ಕೆ ಇಷ್ಟ. ಅದು ಹುಡುಕುವುದು ಮರದೊಳಗಿನ ಪಿಷ್ಟವನ್ನು. ಹಿರಿಯರು ಬಿದಿರನ್ನು ಕಡಿದು ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದದ್ದು ಆ ಪಿಷ್ಟ ಕರಗಿ ಹೋಗಲಿ ಎಂದೇ.

ಪುಡಿ ಏನೂ ಇಲ್ಲದೆ ಮರ ಮೆತ್ತಗಾಗಿ, ಬಿಸ್ಕತ್ತಿನಂತೆ ಚೌಕ ಚೌಕವಾಗಿ ಬಿರುಕು ಬಿಟ್ಟಿದ್ದರೆ ಅದು ಹುಳುವಿನ ಕೆಲಸವಲ್ಲ, ಶಿಲೀಂಧ್ರದ್ದು. ನಾವು ಕುಂಬು ಎನ್ನುವುದು ಇದನ್ನೇ. ಮರದ ತೇವ ಶೇ. 20ರ ಒಳಗಿದ್ದರೆ ಶಿಲೀಂಧ್ರ ಬೆಳೆಯದು. ಆದರೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಊರು ನಮ್ಮದು. ಒಂದು ಹಂಚು ಒಡೆದರೆ ಅದರ ಕೆಳಗಿನ ಪಕ್ಕಾಸಿಗೆ ನಾಲ್ಕು ತಿಂಗಳು ಒಣಗಲು ಬಿಡುವೇ ಸಿಗದು. ಹಾಗೆ ಮೆತ್ತಗಾದ ಮರ ಗೆದ್ದಲಿಗೂ ಸುಲಭದ ತುತ್ತು. 64ರಲ್ಲಿ 9 ಕೆಟ್ಟದ್ದರ ಲೆಕ್ಕ ಇದು.

1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಮಂಗಳೂರು ಹಂಚು ಬಂತು. ಹಂಚಿನ ಜತೆಗೆ ಪಕ್ಕಾಸು, ರೀಪಿನ ಲೆಕ್ಕವೂ ಬಂತು. ಅಷ್ಟು ಮರವನ್ನು ಕಾಪಾಡಲು ನಮ್ಮವರ ಕೈಯಲ್ಲಿದ್ದದ್ದು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ. ದೋಣಿಗೂ ಅದೇ, ದಾರಂದ ಗೋಡೆಗೆ ತಾಗುವ ಬದಿಗೂ ಅದೇ. ಅಪ್ಪನ ಮುಂಗೈ ಮೇಲೆ ಅದರ ಸುಟ್ಟ ಕಲೆ ಈಗಲೂ ಉಂಟು. ಗೇರೆಣ್ಣೆ ನೀರನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಮೈಮೇಲೆ ನಿಲ್ಲುತ್ತದೆಯೇ ಹೊರತು ಒಳಗೆ ಇಳಿಯುವುದು ಕಡಿಮೆ. ಒಂದು ಬಿರುಕು ಬಿಟ್ಟರೆ ಆ ಬಿರುಕಿನಿಂದಲೇ ಒಳಗೆ ದಾರಿ.

ಆಮೇಲೆ ಬಂದದ್ದು ಡಬ್ಬಿಯ ವಿಷಗಳು. ಬಿ.ಎಚ್.ಸಿ. ಪುಡಿಯನ್ನು ಅಡಿಪಾಯಕ್ಕೆ ಚೆಲ್ಲುತ್ತಿದ್ದದ್ದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. 1997ರಲ್ಲಿ ಅದು ದೇಶದಲ್ಲಿ ನಿಷೇಧವಾಯಿತು. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕಾಸರಗೋಡಿನಲ್ಲಿ, ನಮ್ಮದೇ ಜಿಲ್ಲೆಯ ಬೆಳ್ತಂಗಡಿ ಕಡೆ ಏನು ಮಾಡಿತೆಂದು ನಾನು ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಮಕ್ಕಳು ದಿನಕ್ಕೆ ಆರೇಳು ಗಂಟೆ ಕೂರುವ ಕೋಣೆಯ ತಲೆಯ ಮೇಲೆ ಏನು ಹಚ್ಚುತ್ತೇವೆ ಎಂದು ಯೋಚಿಸುವುದು ಅತಿ ಕಾಳಜಿಯೇನಲ್ಲ. ಕಂಬ, ಸ್ಲೀಪರುಗಳಿಗೆ ಹಾಕುವ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಮಿಶ್ರಣವನ್ನು ಕಂಡುಹಿಡಿದವರು ನಮ್ಮ ದೇಶದವರೇ ಆದ ಸೋಂಟಿ ಕಾಮೇಶಂ, 1933ರಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. ಜಗತ್ತೆಲ್ಲ ಅದನ್ನು ಬಳಸಿತು. ಹೊರಗಿನ ಕಂಬಕ್ಕೆ ಅದು ಗಟ್ಟಿ ಮದ್ದು. ಆದರೆ ಆರ್ಸೆನಿಕ್ ಇರುವುದನ್ನು ತರಗತಿಯೊಳಗೆ ತರುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಏನು? ಬಿಳಿಗಾರ. ಚಿನ್ನದ ಕೆಲಸದವರು ಬೆಸುಗೆಗೆ ಬಳಸುವ ಅದೇ ಬಿಳಿಗಾರ, ಸಂಸ್ಕೃತದಲ್ಲಿ ಟಂಕಣ, ಅಂಗಡಿಯಲ್ಲಿ ಬೋರಾಕ್ಸ್. ಅದರ ಜತೆಗೆ ಬೋರಿಕ್ ಆಸಿಡ್ ಪುಡಿ. ಕೇರಂ ಬೋರ್ಡಿಗೆ ಉದುರಿಸುತ್ತೇವಲ್ಲ, ಅದೇ. ತೆಂಗಿಗೆ ಬೋರಾನ್ ಕೊರತೆಯಾದರೆ ಬುಡಕ್ಕೆ ಹಾಕುವುದೂ ಇದೇ ಬಳಗದ್ದು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ಮರ ಹಾಲು ನಿಂತ ಮೇಲೆ ಸೌದೆಯಾಗಿ ಹೋಗುತ್ತಿತ್ತು. ಈಗ ರಬ್ಬರ್ ಮರ ಪೀಠೋಪಕರಣವಾಗುತ್ತಿದೆ ಎಂದರೆ, ಕೊಯ್ದ ಕೂಡಲೇ ಹಲಗೆಗೆ ಒತ್ತಡದಲ್ಲಿ ಬೋರಾನ್ ಲವಣ ತುಂಬಿಸುವುದೇ ಅದಕ್ಕೆ ಕಾರಣ. ಮರದ ರಕ್ಷಣೆಗೆಂದೇ ಇರುವ ಐ.ಎಸ್. 401 ಎಂಬ ಭಾರತೀಯ ಮಾನಕದಲ್ಲೂ ಇದಕ್ಕೆ ಜಾಗ ಉಂಟು.

ಇದು ಕೆಲಸ ಮಾಡುವ ಬಗೆ ನನಗೆ ಬಹಳ ಹಿಡಿಸಿದ್ದು. ಬಿಳಿಗಾರ ನೀರಿನಲ್ಲಿ ಕರಗಿ ಮರದ ತೇವವನ್ನೇ ದಾರಿ ಮಾಡಿಕೊಂಡು ಒಳಗೆ ಇಳಿಯುತ್ತದೆ. ಮರ ಎಷ್ಟು ಹಸಿಯೋ ಅಷ್ಟು ಆಳಕ್ಕೆ ಹೋಗುತ್ತದೆ. ಶಿಲೀಂಧ್ರ ಎಲ್ಲಿಗೆ ಹೋಗಬಲ್ಲುದೋ ಅಲ್ಲಿಗೆ ಮದ್ದೂ ಹೋಗುತ್ತದೆ ಎಂದಾಯಿತು. ನೀರು ಆರಿದ ಮೇಲೆ ಲವಣ ಅಲ್ಲೇ ಉಳಿಯುತ್ತದೆ. ಆವಿಯಾಗಿ ಗಾಳಿಗೆ ಸೇರುವುದಿಲ್ಲ, ವಾಸನೆಯಿಲ್ಲ. ಹುಳು ಆ ಮರವನ್ನು ತಿಂದರೆ ಅದರ ಜೀರ್ಣಕ್ರಿಯೆಯೇ ಕೆಡುತ್ತದೆ. ಗೆದ್ದಲು ಮರವನ್ನು ಅರಗಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ನೆರವಿನಿಂದ; ಹುತ್ತ ಕಟ್ಟುವ ಜಾತಿಗಳು ಹುತ್ತದೊಳಗೆ ಅಣಬೆಯ ಕೃಷಿಯನ್ನೇ ಮಾಡುತ್ತವೆ. ಮಳೆಗಾಲದಲ್ಲಿ ನಾವು ಹುತ್ತದ ಬಳಿ ಕಿತ್ತು ತಂದು ಪದಾರ್ಥ ಮಾಡುವ ಅಣಬೆ ಆ ಕೃಷಿಯ ಫಸಲು. ಬೋರಾನ್ ಹುಳುವಿಗೂ ಆಗದು, ಶಿಲೀಂಧ್ರಕ್ಕೂ ಆಗದು. ಆದರೆ ಇದು ನಿಧಾನದ ಮದ್ದು. ಸಂಜೆ ಹಚ್ಚಿ ಬೆಳಿಗ್ಗೆ ಸತ್ತ ಹುಳು ಎಣಿಸುತ್ತೇನೆ ಎನ್ನುವವರಿಗೆ ಇದು ಹೇಳಿದ್ದಲ್ಲ.

ಇನ್ನು ಇದರ ದೌರ್ಬಲ್ಯ. ನೀರಿನಲ್ಲಿ ಒಳಗೆ ಹೋದದ್ದು ನೀರಿನಲ್ಲೇ ಹೊರಗೂ ಬರುತ್ತದೆ. ಮಳೆಗೆ ನೇರ ಒಡ್ಡಿದ ಮರಕ್ಕೆ, ಮಣ್ಣಿನಲ್ಲಿ ಹುಗಿದ ಕಂಬಕ್ಕೆ, ಗೇಟಿಗೆ ಬೋರಾಕ್ಸ್ ಹಚ್ಚುವುದು ದಂಡ. ಎರಡು ಮಳೆಗಾಲ ಕಳೆಯುವಾಗ ತೊಳೆದು ಹೋಗಿರುತ್ತದೆ. ಸೂರಿನ ಕೆಳಗಿನ ಮರಕ್ಕೆ ಮಾತ್ರ ಇದು ಸಲ್ಲುತ್ತದೆ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದ ಮನೆಯ ಚೌಕಟ್ಟಿನ ಪೈನ್ ಮರಕ್ಕೆ ಬೋರಾನ್ ತುಂಬಿಸುವುದು ರೂಢಿ. 1990ರ ದಶಕದ ಕೊನೆಗೆ ಒಣಗಿಸಿದ ಮರಕ್ಕೆ ಮದ್ದು ಬೇಡ ಎಂದು ನಿಯಮ ಸಡಿಲಿಸಿದರು. ಅದೇ ಕಾಲದಲ್ಲಿ ನೀರು ಸೋರುವ ವಿನ್ಯಾಸದ ಮನೆಗಳೂ ಬಂದವು. ಸಾವಿರಾರು ಮನೆಗಳ ಗೋಡೆಯೊಳಗಿನ ಮರ ಕೊಳೆಯಿತು. 2004ರಲ್ಲಿ ಮದ್ದು ಮತ್ತೆ ಕಡ್ಡಾಯವಾಯಿತು. ಮದ್ದು ಇದ್ದಿದ್ದರೆ ಆ ಮನೆಗಳು ಸೋರುತ್ತಿರಲಿಲ್ಲ ಎಂದಲ್ಲ. ಸೋರಿದ್ದು ಕಣ್ಣಿಗೆ ಬಿದ್ದು ದುರಸ್ತಿಯಾಗುವವರೆಗೆ ಮರ ತಡೆದುಕೊಳ್ಳುತ್ತಿತ್ತು. ನಮ್ಮ ಮಾಡಿಗೂ ನಾನು ಕೇಳುತ್ತಿರುವುದು ಅಷ್ಟೇ: ಹಂಚು ಒಡೆದ ದಿನದಿಂದ ಅದನ್ನು ಬದಲಿಸುವ ದಿನದವರೆಗಿನ ರಕ್ಷಣೆ.

ಅಪ್ಪ ಹಾಕಿದ ಕ್ರಮ ಹೀಗಿದೆ. ಮೊದಲು ಹಂಚು. ಒಡೆದದ್ದೆಲ್ಲ ಬದಲಾಗಬೇಕು. ಕೆಟ್ಟ 9 ಪಕ್ಕಾಸು ತೆಗೆದು ಹೊಸದು ಇಡಬೇಕು. ಗೋಡೆಯೊಳಗೆ ತುದಿ ಹುಗಿಯುವ ಬದಲು ಗೋಡೆಯ ತಲೆಯ ಮೇಲಿನ ಅಡ್ಡಮರಕ್ಕೆ ಕೂರಿಸಬೇಕು, ಸುತ್ತ ಗಾಳಿ ಆಡಬೇಕು. ಆಮೇಲೆ ಮದ್ದು. ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಸಿಡ್. ಒಂದೊಂದನ್ನೇ ಹಾಕಿದರೆ ತಣ್ಣೀರಿನಲ್ಲಿ ಶೇ. 5ರಷ್ಟು ಕರಗುವುದೇ ಕಷ್ಟ. ಎರಡನ್ನೂ ಈ ಪ್ರಮಾಣದಲ್ಲಿ ಕೂಡಿಸಿದರೆ ಶೇ. 10 ಸಲೀಸಾಗಿ ಕರಗುತ್ತದೆ. ಮೂರು ಕೈ ಹಚ್ಚಬೇಕು, ಹಿಂದಿನದ್ದು ಮರ ಹೀರಿಕೊಂಡ ಮೇಲೆ ಮುಂದಿನದ್ದು. ತುದಿಗಳಿಗೆ, ಬಿರುಕುಗಳಿಗೆ, ಕೀಲಿನ ತೂತುಗಳಿಗೆ ಧಾರಾಳವಾಗಿ. ನಮ್ಮ ಮಾಡಿನ ಪಕ್ಕಾಸು, ರೀಪು ಎಲ್ಲ ಸೇರಿ ನೂರು ಲೀಟರ್ ಸಾಕು ಎಂದು ಲೆಕ್ಕ ಹಾಕಿದ್ದೇವೆ. ಅಂದರೆ ಹತ್ತು ಕಿಲೋ ಪುಡಿ. ತಗಡಿನ ಅಂದಾಜುಪಟ್ಟಿಯ ಪಕ್ಕದಲ್ಲಿ ಈ ಖರ್ಚನ್ನು ಬರೆಯಲು ಜಾಗವೇ ಬೇಕಾಗಿಲ್ಲ. ಮೇಲಾಗಿ ಜೂನ್ ತಿಂಗಳ ಮಳೆಯಲ್ಲಿ ತಗಡಿನ ಕೆಳಗೆ ಗಣಿತ ಹೇಳಿಕೊಡಲು ಯಾವ ಮೇಷ್ಟ್ರಿಗೆ ಗಂಟಲು ಉಂಟು?

ಹಳೆಯ ವಾರ್ನಿಷ್ ಇರುವ ಕಡೆ ಕೆರೆದು ತೆಗೆಯದೆ ಹಚ್ಚಿದರೆ ಮದ್ದು ಮರಕ್ಕೆ ತಾಗುವುದೇ ಇಲ್ಲ. ಜಯಂತಿಗೆ ಮೊದಲು ಬೆಂಚುಗಳಿಗೆ ಬಣ್ಣ ಹೊಡೆಸುವ ಯೋಚನೆ ಇದೆಯಂತೆ. ದಯವಿಟ್ಟು ಬಣ್ಣದವರು ಬರುವ ಮೊದಲು ನಮಗೆ ಒಂದು ವಾರ ಕೊಡಿ. ಬೆಂಚಿನ ಕಾಲುಗಳನ್ನು ಮದ್ದಿನ ಬಾಲ್ದಿಯಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಬ್ರಷ್ಷಿಗಿಂತ ಎಷ್ಟೋ ಮೇಲು. ಪೂರ್ತಿ ಒಣಗಿದ ಮೇಲೆ ಬಣ್ಣ. ಆದರೆ ನೆಲದಿಂದ ಗೋಡೆಯೊಳಗೆ ಬರುವ ಗೆದ್ದಲಿನ ದಾರಿ ಕಡಿಯಲು ಬಿಳಿಗಾರ ಸಾಲದು. ಅದಕ್ಕೆ ಅಡಿಪಾಯದ ಸುತ್ತ ಮಣ್ಣಿಗೇ ಉಪಚಾರ ಬೇಕು, ಅದನ್ನು ಪರವಾನಗಿ ಇರುವವರೇ ಮಾಡಬೇಕು, ಬೇಸಿಗೆ ರಜೆಯಲ್ಲಿ ಮಕ್ಕಳಿಲ್ಲದಾಗ ಆಗಬೇಕು.

ಇದು ಉಪ್ಪಿನಷ್ಟೇ ಸಾಧು ಎಂದು ಕೆಲವರು ಹೇಳುವುದುಂಟು. ಅದನ್ನು ನಂಬಬೇಡಿ. ಒಣಗಿದ ಮರವನ್ನು ಮುಟ್ಟಿದರೆ ಏನೂ ಆಗದು, ನಿಜ. ಆದರೆ ಪುಡಿಯನ್ನು ಉಸಿರಾಡಬಾರದು, ಚಿಕ್ಕ ಮಕ್ಕಳ ಬಾಯಿಗೆ ಹೋಗಲೇಬಾರದು. ಹೆಚ್ಚಿನ ಪ್ರಮಾಣದಲ್ಲಿ ದೇಹಕ್ಕೆ ಸೇರಿದರೆ ಸಂತಾನಶಕ್ತಿಗೆ ಹಾನಿ ಎಂದು ಯುರೋಪಿನಲ್ಲಿ ಇದನ್ನು ವರ್ಗೀಕರಿಸಿದ್ದಾರೆ. ಕೈಗವಸು, ಮಾಸ್ಕ್ ಬೇಕು. ಮಿಶ್ರಣಕ್ಕೆ ಬಳಸಿದ ಪಾತ್ರೆ ಬಿಸಿಯೂಟದ ಕೋಣೆಗೆ ಹೋಗಕೂಡದು. ಉಳಿದ ನೀರನ್ನು ಗಿಡದ ಬುಡಕ್ಕೆ ಸುರಿದರೆ ಗಿಡ ಸಾಯುತ್ತದೆ, ಬಾವಿಯ ಬಳಿ ಚೆಲ್ಲುವಂತಿಲ್ಲ. ಮತ್ತೆ ಮರಕ್ಕೇ ಹಚ್ಚಿ ಮುಗಿಸಿ.

ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ಮದ್ದು ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಅರಿಶಿನ ಸಾಕು. ಅರಿಶಿನವನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿ, ಮರದ ತುಂಡಿನ ಕೊಯ್ದ ಮೈಗೆ ಹಚ್ಚಿ, ಒಣಗಿದ ಮೇಲೆ ಸ್ಯಾಲಿಸಿಲಿಕ್ ಆಸಿಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಹಚ್ಚಿದರೆ ಬೋರಾನ್ ಇರುವಲ್ಲಿ ಕೆಂಪಾಗುತ್ತದೆ, ಇಲ್ಲದಲ್ಲಿ ಹಳದಿ ಉಳಿಯುತ್ತದೆ. ಸುಣ್ಣ ಸೇರಿದರೂ ಅರಿಶಿನ ಕೆಂಪಾಗುತ್ತದಲ್ಲ ಎಂದು ಒಬ್ಬ ಹುಡುಗಿ ಈಗ ತಾನೇ ಕೇಳಿದಳು. ಒಳ್ಳೆಯ ಪ್ರಶ್ನೆ. ಆಸಿಡ್ ಹಚ್ಚುವುದೇ ಆ ಸುಣ್ಣದ ಕೆಂಪನ್ನು ತಳ್ಳಿಹಾಕಲು. ಆಸಿಡ್ ಕೆಲಸ ಶಿಕ್ಷಕರ ಕೈಯಲ್ಲೇ ಆಗಲಿ. ತೆಗೆದ ಒಂಬತ್ತು ಪಕ್ಕಾಸಿನ ಗಟ್ಟಿ ಭಾಗಗಳಿಂದ ತುಂಡು ಮಾಡಿಕೊಡುತ್ತೇವೆ. ಒಂದು ಕೈ, ಮೂರು ಕೈ, ಒಂದು ರಾತ್ರಿ ನೆನೆಸಿದ್ದು ಎಂದು ಬೇರೆ ಬೇರೆ ಮಾಡಿ ಕೊಯ್ದು ಹೋಲಿಸಿ. ಬಂದ ಅಳತೆಯನ್ನು ಸಮಿತಿಗೂ ಕೊಡಿ.

ಸರ್ಕಾರಿ ಕಟ್ಟಡವಾದ್ದರಿಂದ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಅರ್ಜಿ ತಯಾರಿದೆ. ಒಪ್ಪಿಗೆ ಬಂದರೆ ಏಪ್ರಿಲ್ ಕೊನೆಯ ವಾರ ಹಂಚು ಇಳಿಸುವುದು, ಮೇ 15ರ ಒಳಗೆ ಮದ್ದು ಮುಗಿಸುವುದು, ಮೊದಲ ಮಳೆಗೆ ಮುನ್ನ ಹಂಚು ಮತ್ತೆ ಮಾಡಿನ ಮೇಲಿರಬೇಕು. ಅಪ್ಪ ಬರುತ್ತಾರೆ, ನಾನೂ ಎರಡು ವಾರ ರಜೆ ಹಾಕುತ್ತೇನೆ. ಹಂಚು ಇಳಿಸಿ ಕೈಯಿಂದ ಕೈಗೆ ದಾಟಿಸಲು ಇಪ್ಪತ್ತು ಜನ ಬೇಕು. ಹೆಸರು ಬರೆಸುವ ಪುಸ್ತಕ ಕಚೇರಿಯ ಬಾಗಿಲಿನ ಬಳಿ ಮೇಜಿನ ಮೇಲಿದೆ. ಊಟಕ್ಕೆ ಏಳುವಾಗ ನೋಡಿ.